ಕೈ ಎತ್ತಿದ ಕೇರಿ

"ಇನ್ನೊಂದು ಸಲ ನೋಡುವ," ಎಂದಳು ಸುಮತಕ್ಕ.

ದೇವಿ ಮುಖ ತಿರುಗಿಸಿದಳು. "ಎಷ್ಟು ಸಲ ನೋಡುದು? ನಂಗೆ ನನ್ನ ಮುಖವೇ ಬೇಜಾರು ಬಂದೋಯ್ತು."

ನೀರಿನ ತಂಬಿಗೆಗೆ ಒರಗಿಸಿಟ್ಟ ಮೊಬೈಲಿನಲ್ಲಿ 'ಅಳಿವೆ ವಾರ್ತೆ' ಚಾನೆಲ್ಲಿನ ತುಣುಕು ಮತ್ತೆ ಶುರುವಾಯಿತು. ಮೊದಲು ವೇದಿಕೆ, ಹೂವಿನ ಹಾರ, ಮೈಕು ಹಿಡಿದ ಕಂಪನಿಯ ಮನುಷ್ಯ. "ಜೆಟ್ಟಿ ಯೋಜನೆಗೆ ಒಪ್ಪಿಗೆ ಇರುವವರು ಕೈ ಎತ್ತಿ!" ಆಮೇಲೆ ನೀಲಿ ತಾಡಪತ್ರಿಯ ನೆರಳಿನಲ್ಲಿ ಕೂತ ಜನ. ಎದೆಯಿಂದ ಮೇಲಷ್ಟೇ ಕಾಣುತ್ತಾರೆ. ಸಾಲು ಸಾಲಾಗಿ ಕೈಗಳು ಏಳುತ್ತವೆ. ಎರಡನೇ ಸಾಲಿನಲ್ಲಿ ದೇವಿ. ಕೆಳಗೆ ಕೆಂಪು ಪಟ್ಟಿಯಲ್ಲಿ ಅಕ್ಷರಗಳು ಓಡುತ್ತವೆ: ಹೊಸಕೇರಿ ಸರ್ವಾನುಮತ, ಒಬ್ಬನದೇ ವಿರೋಧ.

ಆ ಒಬ್ಬ ದೇವಿಯ ಮಗ ನಾಗರಾಜ. ಸಭೆಯನ್ನು ಚಿತ್ರೀಕರಿಸಿದ ಕ್ಯಾಮೆರಾಮನ್ ಅನೂಪ ಮರುದಿನ ಸಂಜೆಯಿಂದ ಕಾಣೆಯಾಗಿದ್ದ. ಅವನ ಬೈಕು ತದಡಿಯಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ಸಿಕ್ಕಿತ್ತು. ಕ್ಯಾಮೆರಾ ಹೊಳೆಯಂಚಿನ ಕಾಂಡ್ಲಾ ಗಿಡಗಳ ಬುಡದಲ್ಲಿ, ರಕ್ತದ ಕಲೆಯೊಂದಿಗೆ. ಒಳಗಿನ ಕಾರ್ಡು ಇರಲಿಲ್ಲ. ನಾಗರಾಜ ಪೊಲೀಸರ ವಶದಲ್ಲಿದ್ದ. ನಾಳೆ ಅವನ ಜಾಮೀನು ಅರ್ಜಿ ಕುಮಟೆಯ ಕೋರ್ಟಿಗೆ ಬರಲಿತ್ತು.

ಸುಮತಕ್ಕ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಳಾದವಳು. ಈಗ ಗಂಡಿನ ಮನೆಯವರ ಬಗ್ಗೆ, ಹೆಣ್ಣಿನ ಮನೆಯವರ ಬಗ್ಗೆ ಸದ್ದಿಲ್ಲದೆ ವಿಚಾರಿಸಿಕೊಡುವುದು ಅವಳ ಕೆಲಸ. ಹುಡುಗ ಕುಡಿಯುತ್ತಾನೋ, ಹುಡುಗಿಗೆ ಬೇರೆ ಕಡೆ ಮನಸ್ಸಿದೆಯೋ, ಇಂಥದ್ದು. ಈ ಕೇಸು ಅವಳಿಗೆ ಬೇಕಿರಲಿಲ್ಲ. ಮಂಡಿ ನೋವು ಸಾಲದೆ ಇದೊಂದು. ಆದರೆ ಗುಡಿಸಲ ಸುತ್ತ ಕ್ಯಾಮೆರಾದವರು ತಿರುಗುತ್ತಾರೆಂದು ದೇವಿ ಓಡಿಬಂದು ಎರಡು ದಿನದಿಂದ ಇಲ್ಲೇ ಇದ್ದಳು. ಬಾಗಿಲಿಗೆ ಬಂದವಳನ್ನು ಹೊರಗೆ ಹಾಕುವ ಅಭ್ಯಾಸ ಪೊಲೀಸ್ ಕೆಲಸದಲ್ಲೂ ಸುಮತಕ್ಕನಿಗೆ ಬಂದಿರಲಿಲ್ಲ.

"ಕೈ ಎತ್ತಿದ್ದು ನೀನೇ ಹೌದಾ?"

"ನಾನೇ. ಕಾಣ್ತದಲ್ಲ."

"ಕಾಣುದು ಬಿಡು. ನೆನಪು ಉಂಟಾ?"

"ಮೊದ್ಲು ಇಲ್ಲ ಅಂದೆ. ಒಪ್ಪಿಗೆಗೆ ನಾ ಕೈ ಎತ್ತಲೇ ಇಲ್ಲ ಅಂತ ಕಂಡಕಂಡವ್ರ ಹತ್ರ ಹೇಳ್ದೆ. ಆಮೇಲೆ ಬೆಳಗಾದ್ರೆ ಟಿವಿಯಲ್ಲಿ ತೋರ್ಸಿದ್ರು. ಕುಮಟೆ ಪೇಪರಿನಲ್ಲಿ ಫೋಟೊ ಬಂತು. ಭಟ್ಕಳದ್ದು ಮೊಬೈಲಲ್ಲಿ ಬರ್ತದಲ್ಲ, ಅದ್ರಲ್ಲೂ ಅದೇ. ಕೈ ಎತ್ತಿದ ನೆನಪು ಉಂಟು ಸುಮತಕ್ಕ. ಎಂತದಕ್ಕೆ ಎತ್ತಿದ್ದು ಅನ್ನುದೇ ಈಗ ಗೊತ್ತಾಗುದಿಲ್ಲ. ಒಪ್ಪಿಗೆಗೇ ಇರ್ಬೇಕು. ಮೂರೂ ಜನ ಸೇರಿ ಸುಳ್ಳು ಹೇಳ್ತಾರಾ?"

"ಮೂರು ಜನ ಅಲ್ಲ ದೇವಿ. ಒಬ್ಬನೇ. ಬಾಯಿ ಮೂರು."

ದೇವಿಗೆ ಅರ್ಥವಾಗಲಿಲ್ಲ. ಸುಮತಕ್ಕ ವಿವರಿಸಲು ಹೋಗಲಿಲ್ಲ. ಕುಮಟೆಯ ವಾರಪತ್ರಿಕೆ, ಹೊನ್ನಾವರದ ಈ ಚಾನೆಲ್ಲು, ಭಟ್ಕಳದ ಮೊಬೈಲ್ ಸುದ್ದಿ, ಮೂರನ್ನೂ ಮೇರುಸಾಗರ ಕಂಪನಿ ಒಂದೇ ವರ್ಷದಲ್ಲಿ ಕೊಂಡಿತ್ತು. ಹಡಗು ನಿಲ್ಲುವ ಜೆಟ್ಟಿ ಕಟ್ಟಲು ಹೊರಟದ್ದೂ ಅದೇ ಕಂಪನಿ. ಹಿಂದೆ ಆ ಮೂವರೂ ನಾಯಿ ಬೆಕ್ಕಿನ ಹಾಗೆ ಕಚ್ಚಾಡುತ್ತಿದ್ದರು. ಕುಮಟೆಯವನು ಪೊಲೀಸರನ್ನು ಬೈದರೆ ಹೊನ್ನಾವರದವನು ಹೊಗಳುತ್ತಿದ್ದ. ಭಟ್ಕಳದವನು ಇಬ್ಬರೂ ಸುಳ್ಳುಬುರುಕರು ಎನ್ನುತ್ತಿದ್ದ. ಆ ಜಗಳದ ಸಂದಿಯಲ್ಲಿ ನಿಜವಾದ ಸುದ್ದಿ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತಿತ್ತು. ಈಗ ಜಗಳವಿಲ್ಲ. ಊರೆಲ್ಲ ತಣ್ಣಗಿದೆ.

"ನಾಗರಾಜನೇ ಮಾಡಿದ್ದು ಅಂತಲೂ ಹಾಗೇ ಅನ್ಸಲಿಕ್ಕೆ ಶುರುವಾಯ್ತಾ?"

ದೇವಿ ಸೆರಗು ಎಳೆದುಕೊಂಡಳು. "ಅನೂಪ ಕಾಣೆಯಾದ ದಿನ ಅವ ಹೊತ್ತು ಮುಳುಗುದ್ರೊಳಗೆ ಮನೆಗೆ ಬಂದ. ಗಂಜಿ ಉಂಡ, ಮಲಗ್ದ. ಪೊಲೀಸರಿಗೂ ಅದೇ ಹೇಳ್ದೆ. ಅಷ್ಟೇ."

"ಆತು. ಮೊದಲು ತಿಂಡಿ ತಿನ್ನು."

ಒಗ್ಗರಣೆ ಅವಲಕ್ಕಿ ಬಡಿಸಿಕೊಟ್ಟು ಸುಮತಕ್ಕ ಒಳಗೆ ಹೋದಳು. ಮೊಸರಿನ ಪಾತ್ರೆ ಹಿಡಿದು ಮತ್ತೆ ಬರುವಾಗ ದೇವಿಯ ತಟ್ಟೆ ಅರ್ಧ ಖಾಲಿಯಾಗಿತ್ತು.

"ಮೊಸರು ಹಾಕ್ಲಾ?"

ಬಾಯಿ ತುಂಬಿದ್ದರಿಂದ ದೇವಿ ಮಾತಾಡದೆ ಎಡಗೈ ಎತ್ತಿ ಬೇಡವೆಂದಳು.

ಸುಮತಕ್ಕ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟಳು.

"ಎಂತ ಆತು?" ಎಂದಳು ದೇವಿ.

"ಏನಿಲ್ಲ. ನೀ ಉಣ್ಣು."

ಪಾತ್ರೆಯನ್ನು ನೆಲಕ್ಕಿಟ್ಟು ಮೊಬೈಲು ತೆಗೆದಳು. ಈ ಸಲ ಮುಖಗಳನ್ನು ನೋಡಲಿಲ್ಲ. ಕೈಗಳನ್ನು ಮಾತ್ರ ನೋಡಿದಳು. ದೇವಿಯದು ಎಡಗೈ. ಪಕ್ಕದವಳದು ಎಡಗೈ. ಹಿಂದಿನ ಸಾಲಿನ ಗಡ್ಡದ ಮುದುಕನದೂ ಎಡಗೈ. ತಾಡಪತ್ರಿಯ ಕೆಳಗೆ ಎದ್ದ ಅಷ್ಟೂ ಕೈ ಎಡಗೈ.

ಚಿತ್ರವನ್ನು ತಿರುಗಿಸಿ ಹಾಕಿರಬಹುದಾ? ಕನ್ನಡಿಯಲ್ಲಿ ಕಂಡ ಹಾಗೆ? ಅವಳು ಗಂಡಸರ ಅಂಗಿಯ ಕಿಸೆ ಹುಡುಕಿದಳು. ಎಡ ಎದೆಯ ಮೇಲೇ ಇತ್ತು. ಹೆಂಗಸರ ಸೆರಗೂ ಎಡ ಹೆಗಲ ಮೇಲೆ. ತಿರುಗಿಸಿಲ್ಲ.

"ದೇವಿ, ನಿಮ್ಮ ಕೇರಿಯಲ್ಲಿ ಊರಿಗೆ ಊರೇ ಎಡಚರಾ?"

"ಎಂತಕೆ? ಎಡಚ ಅಂದ್ರೆ ಮಾಸ್ತಿಯ ಮಗ ಒಬ್ಬ."

"ಹಾಗಾದ್ರೆ ಬಲಗೈಗೆ ಎಂತ ಆಗಿತ್ತು ನಿಮಗೆಲ್ಲ? ಶುಭಕಾರ್ಯಕ್ಕೆ ಒಪ್ಪಿಗೆ ಕೊಡುವಾಗ ಯಾರಾದ್ರೂ ಎಡಗೈ ಎತ್ತುತ್ತಾರಾ?"

ದೇವಿ ತನ್ನ ಬಲಗೈ ನೋಡಿಕೊಂಡಳು. ಅವಲಕ್ಕಿ ಮೆತ್ತಿತ್ತು. ನಿಧಾನಕ್ಕೆ ಅವಳ ಬಾಯಿ ತೆರೆಯಿತು.

"ಎಂಜಲಾಗಿತ್ತು," ಎಂದಳು. "ಅಯ್ಯೋ ದೇವ್ರೆ. ಬಂಗಡೆ ಸಾರು!"

"ಎಂತದು?"

"ಸಭೆ ಮುಗಿದ ಮೇಲೆ ಕಂಪನಿಯವ್ರು ಊಟ ಹಾಕಿದ್ರು. ಅಲ್ಲೇ ನೆಲಕ್ಕೆ ಪಂಕ್ತಿ. ನಮ್ಮ ಸಾಲಿಗೆ ಬರುದ್ರೊಳಗೆ ಬಂಗಡೆ ಮೀನಿನ ಸಾರು ಖಾಲಿ. ಜನ ಗಲಾಟೆ ಮಾಡಿದ್ರು. ಆಗ ಒಬ್ಬ ಮೈಕು ತಕಂಡು, ಸಾರು ಬರದವ್ರು ಕೈ ಎತ್ತಿ ಅಂದ. ಎಲ್ಲರೂ ಎತ್ತಿದ್ರು. ನಾನೂ ಎತ್ತಿದೆ." ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಒಂದು ಬಂಗಡೆಗೆ ಎತ್ತಿದ ಕೈ ಅದು."

ಸುಮತಕ್ಕ ಗೋಡೆಗೆ ಒರಗಿದಳು. ಸಂತೋಷವಾಗಬೇಕಿತ್ತು. ಆದರೆ ಬಂದದ್ದು ಸುಸ್ತು. ಇಷ್ಟು ದಿನ ಮೂರು ತಾಲೂಕಿನ ಜನ ಈ ಚಿತ್ರವನ್ನು ನೋಡಿದ್ದರು. ದಿನಾ ಬಲಗೈಯಲ್ಲಿ ಉಣ್ಣುವ ಜನವೇ. ಒಬ್ಬರಿಗೂ ಹೊಳೆಯಲಿಲ್ಲ. ತನಗೂ.

"ಕ್ಯಾಮೆರಾ ಹಿಡಿದು ಪಂಕ್ತಿಯ ಎದುರಿಗೆ ಯಾರಿದ್ದದ್ದು?"

"ಅನೂಪ. ಮತ್ಯಾರು? ನಂಗೆ ಸಾರು ಹಾಕ್ಸಿದ್ದೂ ಅವನೇ."

ಅಂದರೆ ಈ ಕೈಗಳು ಯಾವುದಕ್ಕೆ ಎದ್ದವೆಂದು ಕಣ್ಣಾರೆ ಕಂಡು ಹೇಳಬಲ್ಲವನು ಅನೂಪ. ಪೊಲೀಸರ ಲೆಕ್ಕ ಸರಳವಾಗಿತ್ತು: ಊರೆಲ್ಲ ಒಪ್ಪಿದ್ದನ್ನು ಅನೂಪ ಚಿತ್ರ ತೆಗೆದ, ಒಪ್ಪದ ನಾಗರಾಜ ಸಿಟ್ಟಿನಿಂದ ಅವನಿಗೆ ಏನೋ ಮಾಡಿದ. ಸಭೆಯಲ್ಲಿ ನಾಗರಾಜ ಕ್ಯಾಮೆರಾ ತಳ್ಳಿದ ದೃಶ್ಯವೂ ಇತ್ತು. ಈಗ ಆ ಲೆಕ್ಕ ತಲೆಕೆಳಗಾಗಿತ್ತು. ಅನೂಪ ಬದುಕಿದ್ದರೆ ನಾಗರಾಜನಿಗೆ ಲಾಭ. ಹೆದರಬೇಕಾದವರು ಬೇರೆ.

"ನೀ ಬಾಗಿಲು ಹಾಕ್ಕಂಡು ಒಳಗೇ ಇರು," ಎಂದು ಸುಮತಕ್ಕ ಚಪ್ಪಲಿ ಮೆಟ್ಟಿದಳು.

*

ಹೊನ್ನಾವರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು ಮಾತಾಡುತ್ತಿದ್ದರು.

"ಆ ಹೊಸಕೇರಿಯವನಿಗೆ ನಾಳೆ ಜಾಮೀನು ಕೊಡ್ತಾರಂತೆ ಮಾರಾಯ."

"ಕೊಡ್ತಾರೆ, ಕೊಡದೆ ಎಂತ? ಕೊಂದವನಿಗೆ ಜಾಮೀನು, ನಮಗೆ ಹೆಲ್ಮೆಟ್ ಇಲ್ಲದಿದ್ರೆ ದಂಡ."

"ಹೆಣ ಸಿಗಲಿಲ್ಲ ಅಲ್ದಾ?"

"ಟಿವಿಯಲ್ಲಿ ಎಲ್ಲ ತೋರ್ಸಿದ್ರಲ್ಲ. ಇನ್ನು ಹೆಣ ಎಂತಕೆ?"

ಸುಮತಕ್ಕ ತಿರುಗಿ ನೋಡಲಿಲ್ಲ. ಒಳ್ಳೆಯ ಜನವೇ ಇರಬೇಕು. ಯಾರದೋ ಮನೆಯ ಮದುವೆಗೆ ಹೊರಟ ಹಾಗಿತ್ತು, ಅಂಗಿಗೆ ಅತ್ತರಿನ ಪರಿಮಳ. ಇವರ ಎದುರು ನಿಂತು ಎಡಗೈ ಬಲಗೈ ಎಂದು ವಿವರಿಸಿದರೆ, ಅಜ್ಜಿಗೆ ಬಿಸಿಲು ತಾಗಿದೆ ಎನ್ನುತ್ತಾರೆ. ಎಲ್ಲ ಕಡೆಯಿಂದ ಒಂದೇ ಮಾತು ಕೇಳಿದರೆ ಮನುಷ್ಯ ಇನ್ನೇನು ಮಾಡಬೇಕು? ಎಲ್ಲರಿಗೂ ಅವರವರ ಕೆಲಸವಿದೆ.

*

ಶರಾವತಿಯ ಸೇತುವೆ ಕಾಣುವ ಕಟ್ಟಡದ ಎರಡನೇ ಮಹಡಿಯಲ್ಲಿ ಅಳಿವೆ ವಾರ್ತೆಯ ಕಚೇರಿ. ಹಿಂದೆ ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿತ್ತು. ಈಗ ಗಾಜಿನ ಬಾಗಿಲು, ತಣ್ಣನೆ ಗಾಳಿ. ಬಾಗಿಲ ಮೇಲೆ ಹೆಸರು ಮಾತ್ರ ಹಳೆಯದೇ: ಸಂಪಾದಕ ಶ್ರೀರಾಮ ಹೆಗಡೆ.

ಶ್ರೀರಾಮ ಫೋನಿನಲ್ಲಿ ಮನೆಯವರ ಜೊತೆ ಹವ್ಯಕ ಮಾತಾಡುತ್ತಿದ್ದ. "ಊಟಕ್ಕೆ ಬಪ್ಪಲೆ ಆಗ್ತಿಲ್ಲೆ. ಬುಲೆಟಿನ್ ಇದ್ದು. ನೀನು ಉಂಡ್ಬಿಡು." ಫೋನಿಟ್ಟು ಎದ್ದು ನಿಂತ. "ಓಹೋ, ಹೆಡ್ ಕಾನ್ಸ್‌ಟೇಬಲ್ ಸಾಹೇಬರು! ನನ್ನ ಹಿಡಿದುಕೊಂಡು ಹೋಗ್ಲಿಕ್ಕಾ?"

"ಹಿಡಿಯುವ ಕೈ ಈಗ ಇಲ್ಲ ಹೆಗಡೇರೆ. ಮೆಟ್ಟಿಲು ಹತ್ತಿದ್ದೇ ಹೆಚ್ಚಾಯ್ತು. ಸ್ವಲ್ಪ ನೀರು ಕೊಡಿ."

ಒಂದು ಕಾಲದಲ್ಲಿ ಶ್ರೀರಾಮನ ಒಂದು ವರದಿಯಿಂದ ಸುಮತಕ್ಕನಿಗೆ ಎತ್ತಂಗಡಿಯಾಗಿತ್ತು. ಆ ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂದಿನಿಂದ ಅವಳಿಗೆ ಅವನ ಮೇಲೆ ಸಿಟ್ಟೂ ಇತ್ತು, ಗೌರವವೂ ಇತ್ತು.

ನೀರು ಕುಡಿದು, ಮೊಬೈಲನ್ನು ಅವನ ಮೇಜಿನ ಮೇಲಿಟ್ಟಳು. "ಕೈ ನೋಡಿ."

"ನೂರು ಸಲ ನೋಡಿದ್ದೇನೆ."

"ಮುಖ ನೋಡಿದ್ದೀರಿ. ಕೈ ನೋಡಿ. ನೀವು ಉಣ್ಣುವಾಗ ಎರಡನೇ ಸಲ ಪಾಯಸ ಬೇಕಾದ್ರೆ ಯಾವ ಕೈ ಎತ್ತುತ್ತೀರಿ?"

ಶ್ರೀರಾಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ತುಣುಕು ಮುಗಿಯಿತು. ಮತ್ತೆ ಹಾಕಿದ. ಎರಡನೇ ಸಲ ಮುಗಿದಾಗ ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಊಟದ ಪಂಕ್ತಿ," ಎಂದ.

"ಬಂಗಡೆ ಸಾರಿನ ಪಂಕ್ತಿ. ವೇದಿಕೆಯ ಮಾತು ಬೇರೆ ಹೊತ್ತಿನದು, ಕೈ ಬೇರೆ ಹೊತ್ತಿನದು. ಹೊಲಿದವರು ಯಾರು?"

"ಇಲ್ಲಿ ಅಲ್ಲ." ಅವನ ದನಿ ಇಳಿದಿತ್ತು. "ಕಾರ್ಡು ಬಂದ ಕೂಡಲೇ ನಾವು ಅದರಲ್ಲಿದ್ದದ್ದನ್ನು ಕಂಪನಿಯ ಮೇಲಿನ ಆಫೀಸಿಗೆ ಕಳಿಸ್ತೇವೆ. ಅಲ್ಲಿಂದ ಸಿದ್ಧವಾಗಿ ಬರ್ತದೆ. ನನ್ನ ಕೆಲಸ ಪ್ರಸಾರ ಮಾಡುವುದು."

"ನೋಡದೆ?"

"ನೋಡಿ ಎಂತ ಮಾಡುದು ಸುಮತಕ್ಕ? ಅವರು ಯಾವತ್ತೂ ನನಗೆ ಸುಳ್ಳು ಹೇಳು ಅಂದವರಲ್ಲ. ಒಂದು ದಿನವೂ ಅಂದಿಲ್ಲ. 'ಇದು ಈಗ ಬೇಡ' ಅಂತಾರೆ, ಅಷ್ಟೇ. ಬಹಳ ಮರ್ಯಾದೆಯಿಂದ. ಮೊದಲ ಸಲ ಜಗಳ ಮಾಡಿದೆ. ಎರಡನೇ ಸಲ ವಾದ ಮಾಡಿದೆ. ಆಮೇಲೆ ಅವರು ಬೇಡ ಅನ್ನುವ ಮೊದಲೇ ನನಗೇ ಗೊತ್ತಾಗಲಿಕ್ಕೆ ಶುರುವಾಯ್ತು, ಯಾವುದು ಬೇಡ ಅಂತ."

"ಚಾನೆಲ್ಲು ಅವರಿಗೆ ಮಾರುವಾಗ ಗೊತ್ತಿರಲಿಲ್ವಾ?"

"ಎಲ್ಲ ಹಾಗೇ ನಡೀತದೆ, ನಿಮ್ಮ ಹೆಸರೂ ಹಾಗೇ ಇರ್ತದೆ ಅಂದ್ರು. ಹೆಸರು ಹಾಗೇ ಇದೆ. ನೋಡಿದ್ರಲ್ಲ ಬಾಗಿಲಲ್ಲಿ?"

ಅವನ ನಗು ಅರ್ಧಕ್ಕೇ ನಿಂತಿತು. ಬೈಯುವುದು ಸುಮತಕ್ಕನಿಗೆ ಸುಲಭವಿತ್ತು. ಆದರೆ ಬೈಸಿಕೊಂಡವನು ಬಾಯಿ ಮುಚ್ಚುತ್ತಾನೆಂದು ಠಾಣೆಯಲ್ಲಿ ಕಲಿತಿದ್ದಳು.

"ಅನೂಪ ನಿಮ್ಮ ಹತ್ರ ಬಂದಿದ್ದ," ಎಂದಳು. ಇದು ಅಂದಾಜು. ಗೊತ್ತಿರುವವಳ ಹಾಗೆ ಹೇಳಿದಳು.

ಶ್ರೀರಾಮ ಕಿಟಕಿಯ ಕಡೆ ನೋಡಿದ. ಸೇತುವೆಯ ಮೇಲೆ ಲಾರಿಗಳ ಸಾಲು.

"ಸಭೆಯ ಮರುದಿನ ಸಂಜೆ. ನೀವು ಕೂತ ಕುರ್ಚಿಯಲ್ಲೇ ಕೂತಿದ್ದ. 'ಸರ್, ನಾನು ತೆಗೆದದ್ದು ಇದಲ್ಲ. ಅವರ ಮನೆ ಮುಂದೆ ನಾಳೆಯಿಂದ ಹ್ಯಾಗೆ ಓಡಾಡುದು' ಅಂದ. ಮೂಲ ಚಿತ್ರದ ಪ್ರತಿ ತನ್ನ ಹತ್ರ ಉಂಟು ಅಂದ. ನಾನು ಬಿಡು ಮಾರಾಯ, ಎರಡು ದಿನ ರಜೆ ಹಾಕು ಅಂದೆ."

"ಪ್ರತಿ ಇರುವುದು ನಿಮ್ಮನ್ನು ಬಿಟ್ಟು ಮತ್ಯಾರಿಗೆ ಗೊತ್ತಿತ್ತು?"

"ನಾನು ಸಂಪದಾ ಅವರಿಗೆ ಫೋನ್ ಮಾಡಿ ಹೇಳಿದೆ. ಕಂಪನಿಯ ಪ್ರಚಾರ ವಿಭಾಗದ ಮುಖ್ಯಸ್ಥೆ. ಹುಡುಗ ಬೇಜಾರಾಗಿದ್ದಾನೆ, ಸ್ವಲ್ಪ ಸಮಾಧಾನ ಮಾಡಿ ಅಂತ. ನಿಜವಾಗಿಯೂ ಅಷ್ಟಕ್ಕೇ ಹೇಳಿದ್ದು."

"ಪೊಲೀಸರಿಗೆ ಹೇಳಿದಿರಾ?"

"ಅವರು ಕೇಳಲಿಲ್ಲ."

"ನಾನು ಕೇಳ್ತಿದ್ದೇನೆ. ನಾಳೆ ಕೋರ್ಟಿನಲ್ಲಿ ನಾಗರಾಜನ ವಕೀಲರೂ ಕೇಳ್ತಾರೆ. ಆಗ ಹೇಳ್ತೀರಾ?"

ಶ್ರೀರಾಮ ಬಾಯಿ ತೆರೆದ. ಅಷ್ಟರಲ್ಲಿ ಗೋಡೆಯ ಟಿವಿಯಲ್ಲಿ ಮಧ್ಯಾಹ್ನದ ಬುಲೆಟಿನ್ನಿನ ಸಂಗೀತ ಜೋರಾಗಿ ಹೊಡೆಯಿತು. ಕೆಂಪು ಪಟ್ಟಿ. ಅನೂಪ ಪ್ರಕರಣಕ್ಕೆ ಸ್ಫೋಟಕ ತಿರುವು. ಆರೋಪಿಯ ತಾಯಿಯಿಂದಲೇ ಸತ್ಯ ಬಯಲು. ನೇರ ಪ್ರಸಾರ.

ಪರದೆಯ ಮೇಲೆ ದೇವಿ. ಹಿಂದೆ ಹೊಳೆ.

"ಅವತ್ತು ತಡ ಮಾಡಿ ಬಂದ. ಮೈಯೆಲ್ಲ ಒದ್ದೆ. ಎಂತ ಆತು ಕೇಳಿದ್ರೆ ಮಾತಿಲ್ಲ. ಅಂಗಿಯೆಲ್ಲ ರಕ್ತ. ನಾನೇ ತೊಳೆದೆ."

ಸುಮತಕ್ಕ ಎದ್ದು ನಿಂತಳು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಇರು ಎಂದು ಬಂದಿದ್ದಳು. ಹೊಳೆಯ ದಡದಲ್ಲಿ ಇವಳು ಹೇಗೆ?

"ಇದು ನನ್ನ ಬುಲೆಟಿನ್ನಿನಲ್ಲಿ ಇರಲಿಲ್ಲ," ಎಂದ ಶ್ರೀರಾಮ. ಅವನೂ ಎದ್ದು ನಿಂತಿದ್ದ. "ಮೇಲಿನಿಂದ ನೇರ ಹಾಕಿದ್ದಾರೆ."

ಸುಮತಕ್ಕ ಮನೆಯ ಫೋನಿಗೆ ಕರೆ ಮಾಡಿದಳು. ಟಿವಿಯಲ್ಲಿ ದೇವಿ ಇನ್ನೂ ಮಾತಾಡುತ್ತಲೇ ಇದ್ದಳು. ಆ ಕಡೆ ಯಾರೋ ಫೋನು ಎತ್ತಿದರು.

"ಹಲೋ? ಸುಮತಕ್ಕ?"

ಟಿವಿಯಲ್ಲೊಬ್ಬಳು ದೇವಿ, ಫೋನಿನಲ್ಲೊಬ್ಬಳು. ಸುಮತಕ್ಕ ಉಸಿರು ಬಿಟ್ಟಳು. ಆಮೇಲೆ, ಶ್ರೀರಾಮನೂ ಕೇಳಲಿ, ನಾಳೆ ಸಾಕ್ಷಿಗೆ ಬೇಕಾಗುತ್ತದೆ ಎಂದು, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮಧ್ಯ ಇಟ್ಟಳು.

"ದೇವಿ, ಗಟ್ಟಿಯಾಗಿ ಮಾತಾಡು. ಎಲ್ಲಿದ್ದೀ ನೀನು?"

"ಎಲ್ಲಿರುದು? ನಿಮ್ಮನೆಯಲ್ಲೇ. ನೀವೇ ಹೇಳಿದ್ರಲ್ಲ, ಹೊರಗೆ ಬರಬೇಡ ಅಂತ."

"ನಾಗರಾಜ ಒದ್ದೆಯಾಗಿ ಬಂದ, ಅಂಗಿಯಲ್ಲಿ ರಕ್ತ ಅಂತ ಟಿವಿಯವರ ಹತ್ರ ಯಾವಾಗ ಹೇಳಿದ್ದು?"

"ಅದಾ? ಚೌತಿ ಹಬ್ಬಕ್ಕಿಂತ ಮೊದ್ಲು. ಬಳಚು ತೆಗೆಯುವವ್ರ ಬದುಕು ಅಂತ ಕಾರ್ಯಕ್ರಮ ಮಾಡ್ತೆ ಅಂತ ಅನೂಪ ಬಂದಿದ್ದ. ಹೊಳೆಯಲ್ಲಿ ಮುಳುಗಿ ಬಳಚು ತೆಗೆಯುವಾಗ ಚಿಪ್ಪು ಕೊಯ್ದು ಮಗ ಒಂದ್ಸಲ ರಕ್ತ ಸುರಿಸ್ಕಂಡು ಬಂದಿದ್ದ, ಅದನ್ನ ಹೇಳ್ದೆ. ಯಾವಾಗ ತೋರ್ಸ್ತಾರೆ ಅಂತ ಕಾದೆ, ತೋರ್ಸಲೇ ಇಲ್ಲ."

ಶ್ರೀರಾಮ ಕುರ್ಚಿಯ ಬೆನ್ನು ಹಿಡಿದುಕೊಂಡ. "ಆ ಕಾರ್ಯಕ್ರಮಕ್ಕೆ ಅವನನ್ನು ಕಳಿಸಿದ್ದು ನಾನೇ. ಪ್ರಸಾರಕ್ಕೆ ಬೇಡ ಅಂದ್ರು. ಸುಮ್ಮನೆ ಕೊಟ್ಟುಬಿಟ್ಟೆ."

"ಬೇಡವಾದದ್ದನ್ನು ಬಿಸಾಡಲಿಲ್ಲ ಅವರು," ಎಂದಳು ಸುಮತಕ್ಕ. "ಹೇಳಿ ಹೆಗಡೇರೆ. ನಾಳೆ?"

ಶ್ರೀರಾಮ ಟಿವಿಯನ್ನು ಆರಿಸಿದ. ಕೋಣೆಯಲ್ಲಿ ಎಸಿಯ ಸದ್ದು ಮಾತ್ರ ಉಳಿಯಿತು. "ಬತ್ತೆ," ಎಂದ, ಮನೆಯ ಮಾತಿನಲ್ಲಿ. "ಈ ಕುರ್ಚಿ ಹೋದ್ರೆ ಹೋಗ್ಲಿ. ಕೋರ್ಟಿಗೆ ಬತ್ತೆ. ಎರಡೂ ಚಿತ್ರದ ವಿಷಯ ಹೇಳ್ತೆ."

ಸುಮತಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಹೆಣವಿಲ್ಲ, ಒಪ್ಪಿಗೆಯ ಚಿತ್ರ ಸುಳ್ಳು, ತಾಯಿಯ ಹೇಳಿಕೆ ಹಳೆಯದು. ಜಾಮೀನಿಗೆ ಇಷ್ಟು ಸಾಕು.

"ಕೇಳ್ತಾ ದೇವಿ? ಹೆಗಡೇರು ಬರ್ತಾರೆ. ಟಿವಿಯವರು ಹೇಳಿದ ಅಂಗಿ ಹಳೇದು ಅಂತ ನೀನೂ ಕೋರ್ಟಿನಲ್ಲಿ ಹೇಳು. ಹೆದರಬೇಡ."

ಫೋನಿನಲ್ಲಿ ಸದ್ದಿಲ್ಲ.

"ದೇವಿ?"

"ಅಂಗಿಯ ಸುದ್ದಿ ಟಿವಿಯಲ್ಲಿ ಬಂತಾ ಸುಮತಕ್ಕ? ಇನ್ನು ಪೊಲೀಸರು ಅಂಗಿ ಹುಡುಕ್ತಾರಾ?"

"ಹುಡುಕಲಿ. ಅದು ತೊಳೆದು ಎಷ್ಟು ಕಾಲ ಆಯ್ತು."

"ಆಗಿನದ್ದು ತೊಳೆದೆ," ಎಂದಳು ದೇವಿ. "ಈ ಸಲದ್ದು ತೊಳೀಲಿಲ್ಲ."

ಸ್ಪೀಕರ್ ಆರಿಸಲು ಸುಮತಕ್ಕನ ಕೈ ಫೋನಿನ ಕಡೆ ಹೋಯಿತು. ತಡವಾಗಿತ್ತು.

"ಮನೆಯಲ್ಲಿ ಇಡಲಿಕ್ಕೆ ಹೆದರಿಕೆ ಆತು. ಬರುವಾಗ ನಿಮ್ಮನೆಗೇ ತಂದೆ. ಬಚ್ಚಲ ಸೌದೆಯ ಅಡಿಯಲ್ಲಿ ಉಂಟು. ಒಲೆಗೆ ಹಾಕಿಬಿಡ್ಲಾ?"

ಮೇಜಿನ ಆಚೆ ಶ್ರೀರಾಮ ಅಲುಗಾಡದೆ ನಿಂತಿದ್ದ. ಅವನ ಕಣ್ಣು ಫೋನಿನ ಮೇಲಿರಲಿಲ್ಲ. ಸುಮತಕ್ಕನ ಬಾಯಿಯ ಮೇಲಿತ್ತು. ಹಳೆಯ ಕಾಲದ ಆ ವರದಿಗಾರನ ಕಣ್ಣು.

"ಕೇಳ್ತದಾ ಸುಮತಕ್ಕ? ಒಲೆಯಲ್ಲಿ ಬೆಂಕಿ ಉಂಟು. ಹಾಕ್ಲಾ, ಬೇಡ್ವಾ?"